ಗಲ್ಲಾಪೆಟ್ಟಿಗೆಯ ಮೊತ್ತ ಮತ್ತು ತಯಾರಕನ ಪಾಲು: ‘ಮಾನ್ಸೂನ್ ವೆಡ್ಡಿಂಗ್’ ಚಿತ್ರದ ವಿಶ್ವ ಮಾರುಕಟ್ಟೆ – ಒಂದು ಅಧ್ಯಯನ

ಮೀರಾ ನಾಯರ್ ನಿರ್ದೇಶನದ ‘ಮಾನ್ಸೂನ್ ವೆಡ್ಡಿಂಗ್’ ಚಲನಚಿತ್ರವು 2001ರಲ್ಲಿ ತೆರೆಗೆ ಬಂದಿತು. ದೆಹಲಿಯ ಪಂಜಾಬಿ ಕುಟುಂಬವೊಂದರ ಮದುವೆಯ ನಾಲ್ಕಾರು ದಿನಗಳ ಸಡಗರ ಮತ್ತು ಆ ಸಡಗರದ ನಡುವೆ ಹೊರಬೀಳುವ ಕುಟುಂಬದ ಹಳೆಯ ನೋವು ಇದರ ಕಥಾವಸ್ತು. ಇದರ ನಿರ್ಮಾಣ ವೆಚ್ಚ ಸುಮಾರು 15 ಲಕ್ಷ ಡಾಲರ್ ಎಂಬುದು ಪ್ರಕಟಿತ ವರದಿಗಳಲ್ಲಿರುವ ಅಂದಾಜು; ಅಂದಿನ ವಿನಿಮಯ ದರದಲ್ಲಿ ಇದು ಸರಿಸುಮಾರು 7 ಕೋಟಿ ರೂಪಾಯಿ. ಜಗತ್ತಿನ ಚಿತ್ರಮಂದಿರಗಳಲ್ಲಿ ಈ ಚಿತ್ರಕ್ಕೆ ಸಂದ ಟಿಕೆಟ್ ಹಣ 3 ಕೋಟಿ ಡಾಲರಿಗೂ ಅಧಿಕ, ಅಂದರೆ ಸುಮಾರು 145 ಕೋಟಿ ರೂಪಾಯಿ.

ಹಾಕಿದ ಒಂದು ರೂಪಾಯಿಗೆ ಇಪ್ಪತ್ತು ರೂಪಾಯಿ ಬಂದಿತೆಂದು ಇದನ್ನು ಓದುವುದು ಸುಲಭ. ಆದರೆ ವ್ಯಾಪಾರದ ಲೆಕ್ಕ ತಿಳಿದವರು ಹಾಗೆ ಓದಲಾರರು. ಗಲ್ಲಾಪೆಟ್ಟಿಗೆಯ ಮೊತ್ತವೆಂಬುದು ಕಟ್ಟಕಡೆಯ ಗ್ರಾಹಕನು ಕೊಟ್ಟ ಬೆಲೆಯ ಒಟ್ಟು. ಅದು ತಯಾರಕನ ಕೈಗೆ ಬಂದ ಹಣವಲ್ಲ. ಆ ಎರಡರ ನಡುವಿನ ದೂರವನ್ನು ಅರಿಯುವುದು ಸಿನಿಮಾ ಉದ್ಯಮದವರಿಗೆ ಮಾತ್ರವಲ್ಲದೆ ಹೊರದೇಶಕ್ಕೆ ಸರಕು ಕಳುಹಿಸುವ ಯಾವ ಸಣ್ಣ ಉದ್ಯಮಿಗೂ ಅಗತ್ಯ. ಅಂಗಡಿಯಲ್ಲಿ ಸಾವಿರ ರೂಪಾಯಿಗೆ ಮಾರಾಟವಾಗುವ ವಸ್ತುವಿನಿಂದ ಕಾರ್ಖಾನೆಯವನಿಗೆ ಎಷ್ಟು ಉಳಿಯಿತು ಎಂಬ ಪ್ರಶ್ನೆಯೇ ಇಲ್ಲಿಯೂ ಇದೆ.

ಸರಕು ಮತ್ತು ಅದರ ವೆಚ್ಚ

ಮೀರಾ ನಾಯರ್ ಅವರು ಈ ಚಿತ್ರಕ್ಕೆ ಮುನ್ನವೇ ಹೊರದೇಶಗಳಲ್ಲಿ ಹೆಸರಾದವರು. 1988ರ ‘ಸಲಾಮ್ ಬಾಂಬೆ’ ಚಿತ್ರಕ್ಕೆ ಕಾನ್ ಚಿತ್ರೋತ್ಸವದಲ್ಲಿ ಚೊಚ್ಚಲ ಕೃತಿಗೆ ನೀಡುವ ‘ಕ್ಯಾಮೆರಾ ದೋರ್’ ಪುರಸ್ಕಾರ ದೊರೆತಿತ್ತು. ಆದಾಗ್ಯೂ ‘ಮಾನ್ಸೂನ್ ವೆಡ್ಡಿಂಗ್’ ಚಿತ್ರಕ್ಕೆ ಅವರು ಆರಿಸಿಕೊಂಡದ್ದು ಸಣ್ಣ ಬಂಡವಾಳದ ಹಾದಿಯನ್ನು. ಚಿತ್ರಕಥೆಯನ್ನು ಸಬ್ರಿನಾ ಧವನ್ ಬರೆದರು. ನಾಸಿರುದ್ದೀನ್ ಷಾ, ಲಿಲೆಟ್ ದುಬೆ, ಶೆಫಾಲಿ ಷಾ, ವಿಜಯ್ ರಾಜ್ ಮುಂತಾದ ಕಲಾವಿದರೊಡನೆ ಬೆಂಗಳೂರಿನ ವಸುಂಧರಾ ದಾಸ್ ಮದುವಣಗಿತ್ತಿಯ ಪಾತ್ರ ವಹಿಸಿದರು. ಭಾರೀ ಸಂಭಾವನೆಯ ತಾರೆಯರ ಹೆಸರಿನ ಮೇಲೆ ಮಾರಾಟವಾಗುವ ಚಿತ್ರ ಇದಾಗಿರಲಿಲ್ಲ.

ವೆಚ್ಚವನ್ನು ಮಿತಿಯೊಳಗಿಟ್ಟ ಕ್ರಮಗಳು ಸರಳವಾದವು. ಕಥೆಯ ಬಹುಪಾಲು ಒಂದೇ ಮನೆ ಮತ್ತು ಅದರ ಅಂಗಳದಲ್ಲಿ ನಡೆಯುತ್ತದೆ. ಚಿತ್ರೀಕರಣಕ್ಕೆ ನಿಗದಿಯಾದ ಅವಧಿ ಕೇವಲ 30 ದಿನ. ಕಲಾವಿದರಿಗೆ ಮುಂಚಿತವಾಗಿಯೇ ಪೂರ್ವಾಭ್ಯಾಸ ಮಾಡಿಸಿದ್ದರಿಂದ ಕ್ಯಾಮೆರಾ ಮುಂದೆ ಕಾಲ ವ್ಯರ್ಥವಾಗುವುದು ತಪ್ಪಿತು. ಛಾಯಾಗ್ರಾಹಕ ಡೆಕ್ಲನ್ ಕ್ವಿನ್ ಅವರು ಸೂಪರ್ 16 ಮಿ.ಮೀ. ಫಿಲ್ಮಿನಲ್ಲಿ, ಹೆಚ್ಚಾಗಿ ಕ್ಯಾಮೆರಾವನ್ನು ಕೈಯಲ್ಲಿಯೇ ಹಿಡಿದು ಚಿತ್ರೀಕರಿಸಿದರು. 35 ಮಿ.ಮೀ. ಫಿಲ್ಮಿಗೆ ಹೋಲಿಸಿದರೆ ಇದರಲ್ಲಿ ಕಚ್ಚಾ ಫಿಲ್ಮಿನ ವೆಚ್ಚವೂ ಕಡಿಮೆ, ಸಲಕರಣೆಯ ಭಾರವೂ ಕಡಿಮೆ.

ಇಲ್ಲಿ ಗಮನಿಸಬೇಕಾದ ಅಂಶವಿದೆ. ವೆಚ್ಚ ಕಡಿತವು ಸರಕಿನ ಗುಣವನ್ನು ಕುಂದಿಸಲಿಲ್ಲ. ಮದುವೆ ಮನೆಯ ಗಡಿಬಿಡಿಯನ್ನು ಹತ್ತಿರದಿಂದ ಕಾಣಿಸಬೇಕಾದ ಕಥೆಗೆ ಕೈಯಲ್ಲಿ ಹಿಡಿದ ಕ್ಯಾಮೆರಾ ಹೊಂದಿಕೊಂಡಿತು. ಕಡಿಮೆ ವೆಚ್ಚದ ವಿಧಾನವನ್ನು ಸರಕಿನ ಸ್ವಭಾವಕ್ಕೆ ತಕ್ಕಂತೆ ಆರಿಸಿಕೊಂಡಾಗ ಮಾತ್ರ ಅದು ಉಳಿತಾಯವಾಗುತ್ತದೆ. ಇಲ್ಲವಾದರೆ ಅದು ಕಳಪೆ ತಯಾರಿಕೆಯಾಗುತ್ತದೆ.

ಬಂಡವಾಳದ ಹಂಚಿಕೆ

ಕಥೆ ಪೂರ್ತಿಯಾಗಿ ದೆಹಲಿಯದಾದರೂ ಬಂಡವಾಳ ಒಂದೇ ಕಡೆಯಿಂದ ಬಂದುದಲ್ಲ. ಭಾರತ, ಅಮೆರಿಕ, ಇಟಲಿ, ಫ್ರಾನ್ಸ್ ಮತ್ತು ಜರ್ಮನಿಯ ಸಂಸ್ಥೆಗಳು ಸಹ ನಿರ್ಮಾಣದಲ್ಲಿ ಸೇರಿದ್ದವು. ನಾಯರ್ ಅವರ ಮೀರಾಬಾಯಿ ಫಿಲ್ಮ್ಸ್ ಮತ್ತು ಅಮೆರಿಕದ ಐ.ಎಫ್.ಸಿ. ಪ್ರೊಡಕ್ಷನ್ಸ್ ಇವುಗಳಲ್ಲಿ ಪ್ರಮುಖವಾದವು.

ಇಂತಹ ಸಹ ನಿರ್ಮಾಣದಿಂದ ಸಾಮಾನ್ಯವಾಗಿ ಎರಡು ಅನುಕೂಲಗಳುಂಟು. ಮೊದಲನೆಯದಾಗಿ, ಚಿತ್ರ ಸೋತರೆ ನಷ್ಟವು ಒಬ್ಬನ ತಲೆಯ ಮೇಲೆ ಬೀಳದೆ ಹಂಚಿಹೋಗುತ್ತದೆ. ಎರಡನೆಯದಾಗಿ, ಹಣ ಹಾಕಿದ ಪ್ರತಿ ದೇಶದಲ್ಲಿಯೂ ಆ ಚಿತ್ರವನ್ನು ಮಾರಲು ಆಸಕ್ತಿಯುಳ್ಳ, ಅಲ್ಲಿಯ ಮಾರುಕಟ್ಟೆ ಬಲ್ಲ ಪಾಲುದಾರನೊಬ್ಬ ಇರುತ್ತಾನೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಮುಂದೆ ಲಾಭ ಬಂದರೆ ಅದನ್ನೂ ಅಷ್ಟೇ ಜನರೊಡನೆ ಹಂಚಿಕೊಳ್ಳಬೇಕಾಗುತ್ತದೆ. ಅಪಾಯವನ್ನು ಹಂಚಿಕೊಂಡವನು ಲಾಭವನ್ನು ಮಾತ್ರ ಪೂರ್ತಿಯಾಗಿ ಅಪೇಕ್ಷಿಸುವಂತಿಲ್ಲ.

ಸಾಗಣೆಯಲ್ಲಿ ಆದ ಹಾನಿ

ಈ ಚಿತ್ರದ ಇತಿಹಾಸದಲ್ಲಿ ರಫ್ತುದಾರರು ಮರೆಯಬಾರದ ಘಟನೆಯೊಂದಿದೆ. ಚಿತ್ರೀಕರಣವಾದ ನೆಗೆಟಿವ್‌ನ ಒಂದು ಭಾಗವು ಸಾಗಣೆಯ ವೇಳೆ ವಿಮಾನ ನಿಲ್ದಾಣದ ಎಕ್ಸ್-ರೇ ಯಂತ್ರಕ್ಕೆ ಸಿಕ್ಕಿ ಹಾಳಾಯಿತು. ಸಂಸ್ಕರಣೆಯಾಗದ ಫಿಲ್ಮ್ ಬೆಳಕಿಗೆ ಮಾತ್ರವಲ್ಲದೆ ಎಕ್ಸ್-ರೇ ಕಿರಣಕ್ಕೂ ಪ್ರತಿಕ್ರಿಯಿಸುತ್ತದೆ. ಒಮ್ಮೆ ಮಸುಕಾದುದನ್ನು ಸರಿಪಡಿಸಲು ಸಾಧ್ಯವಿಲ್ಲ. ಕೆಲವು ದಿನಗಳ ಶ್ರಮ ಹೀಗೆ ನಷ್ಟವಾಯಿತು. ವಿಮೆ ಇದ್ದುದರಿಂದ ಆ ಹಣದ ನೆರವಿನಿಂದ ಕಲಾವಿದರನ್ನು ಮತ್ತೆ ಸೇರಿಸಿ, ಹಾಳಾದ ದೃಶ್ಯಗಳನ್ನು ಪುನಃ ಚಿತ್ರೀಕರಿಸಲಾಯಿತು.

ಸಣ್ಣ ಬಂಡವಾಳದ ಉದ್ಯಮಕ್ಕೆ ವಿಮೆಯು ಅನಗತ್ಯ ಖರ್ಚೆಂಬ ಭಾವನೆ ವ್ಯಾಪಕವಾಗಿದೆ. ವಾಸ್ತವದಲ್ಲಿ ದೊಡ್ಡ ಸಂಸ್ಥೆಯು ಒಂದು ರವಾನೆಯ ನಷ್ಟವನ್ನು ಹೇಗೋ ತಾಳಿಕೊಂಡೀತು. ಒಂದೇ ರವಾನೆಯ ಮೇಲೆ ವರ್ಷದ ವಹಿವಾಟು ನಿಂತಿರುವ ಸಣ್ಣ ತಯಾರಕ ತಾಳಿಕೊಳ್ಳಲಾರ. ಸರಕು ಸಾಗಣೆ ವಿಮೆಯಲ್ಲಿ ಬಳಕೆಯಲ್ಲಿರುವ ‘ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಜಸ್’ ಎಂಬ ಷರತ್ತುಗಳಲ್ಲಿ ಎ, ಬಿ, ಸಿ ಎಂಬ ಮೂರು ಬಗೆಗಳಿವೆ. ‘ಎ’ ಬಗೆಯ ವ್ಯಾಪ್ತಿ ಅತಿ ವಿಶಾಲ, ‘ಸಿ’ ಬಗೆಯದು ಅತಿ ಸೀಮಿತ. ‘ಎ’ ಬಗೆಯಲ್ಲಿಯೂ ಸಮರ್ಪಕವಲ್ಲದ ಪ್ಯಾಕಿಂಗ್, ವಿಳಂಬ ಮತ್ತು ಸರಕಿನ ಸ್ವಾಭಾವಿಕ ದೋಷದಿಂದಾಗುವ ನಷ್ಟಕ್ಕೆ ಪರಿಹಾರವಿಲ್ಲ. ವಿಮೆ ಇದೆಯೆಂಬ ಸಮಾಧಾನ ಸಾಲದು. ಯಾವುದಕ್ಕೆ ಇದೆ, ಯಾವುದಕ್ಕೆ ಇಲ್ಲ ಎಂಬುದನ್ನು ಓದಿ ತಿಳಿದಿರಬೇಕು.

ಸಂತೆ ಮತ್ತು ಪ್ರಶಸ್ತಿ

ಚಿತ್ರವು 2001ರ ಮೇ ತಿಂಗಳಿನಲ್ಲಿ ಕಾನ್‌ನಲ್ಲಿ ಮೊದಲ ಬಾರಿಗೆ ಪ್ರದರ್ಶನಗೊಂಡಿತು. ಆದರೆ ಅದು ಪ್ರಶಸ್ತಿಯ ಸ್ಪರ್ಧೆಯ ವಿಭಾಗದಲ್ಲಲ್ಲ. ‘ಮಾರ್ಶೆ ದು ಫಿಲ್ಮ್’ ಎಂದು ಕರೆಯಲಾಗುವ ಚಿತ್ರಗಳ ಮಾರುಕಟ್ಟೆಯಲ್ಲಿ. ಚಿತ್ರೋತ್ಸವದ ಜೊತೆಯಲ್ಲಿಯೇ ನಡೆಯುವ ಈ ಸಂತೆಗೆ ಹಲವು ದೇಶಗಳ ವಿತರಕರು ಸರಕು ನೋಡಿ ಕೊಳ್ಳಲೆಂದೇ ಬರುತ್ತಾರೆ. ಕೈಗಾರಿಕಾ ವಸ್ತುಪ್ರದರ್ಶನದಲ್ಲಿ ಮಳಿಗೆ ಹಾಕುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಅದೇ ವರ್ಷ ಸೆಪ್ಟೆಂಬರ್ ತಿಂಗಳಿನಲ್ಲಿ ವೆನಿಸ್ ಚಿತ್ರೋತ್ಸವದ ಅತ್ಯುನ್ನತ ಪುರಸ್ಕಾರವಾದ ‘ಗೋಲ್ಡನ್ ಲಯನ್’ ಈ ಚಿತ್ರಕ್ಕೆ ಲಭಿಸಿತು. 1957ರಲ್ಲಿ ಸತ್ಯಜಿತ್ ರಾಯ್ ಅವರ ‘ಅಪರಾಜಿತೋ’ ಇದೇ ಪುರಸ್ಕಾರ ಪಡೆದಿತ್ತು. ತಾರೆಯರ ಬಲವಾಗಲಿ, ಜಾಹೀರಾತಿನ ಹಣವಾಗಲಿ ಇಲ್ಲದ ಸರಕಿಗೆ ಇಂತಹ ಮನ್ನಣೆಯು ಗುಣಮಟ್ಟದ ಮುದ್ರೆಯಂತೆ ಕೆಲಸ ಮಾಡುತ್ತದೆ. ಅಪರಿಚಿತ ದೇಶದ ಅಪರಿಚಿತ ಸರಕನ್ನು ಕೊಳ್ಳಲು ಹಿಂಜರಿಯುವ ಗ್ರಾಹಕನಿಗೆ ತಾನು ನಂಬುವ ಮೂರನೆಯವರೊಬ್ಬರ ಮಾತು ಧೈರ್ಯ ಕೊಡುತ್ತದೆ. ಅಧಿಕೃತ ಗುಣಮಟ್ಟದ ಪ್ರಮಾಣಪತ್ರ, ಹೆಸರಾಂತ ಖರೀದಿದಾರನ ಆದೇಶ ಇವೂ ಅದೇ ಬಗೆಯವು. ಪ್ರಶಸ್ತಿಯಿಂದ ಸರಕು ತಾನಾಗಿ ಮಾರಾಟವಾಗುವುದಿಲ್ಲ; ವಿತರಕನ ಬಾಗಿಲು ತೆರೆಯುತ್ತದೆ, ಅಷ್ಟೇ.

ಎರಡು ಚಿತ್ರಮಂದಿರಗಳಿಂದ ಆರಂಭ

ಅಮೆರಿಕದಲ್ಲಿ ವಿತರಣೆಯ ಹೊಣೆ ಹೊತ್ತದ್ದು ಯು.ಎಸ್.ಎ. ಫಿಲ್ಮ್ಸ್ ಸಂಸ್ಥೆ. 2002ರ ಫೆಬ್ರವರಿ 22ರಂದು ಚಿತ್ರವು ಅಲ್ಲಿ ಬಿಡುಗಡೆಯಾದದ್ದು ಕೇವಲ ಎರಡು ಚಿತ್ರಮಂದಿರಗಳಲ್ಲಿ. ಮೊದಲ ವಾರಾಂತ್ಯದ ಗಳಿಕೆ ಸುಮಾರು 68,500 ಡಾಲರ್, ಅಂದಿನ ದರದಲ್ಲಿ 33 ಲಕ್ಷ ರೂಪಾಯಿ. ಒಟ್ಟು ಮೊತ್ತ ಸಣ್ಣದೆಂದು ತೋರಬಹುದು. ಆದರೆ ವಿತರಕರು ನೋಡುವುದು ಒಂದು ಚಿತ್ರಮಂದಿರದ ಸರಾಸರಿಯನ್ನು. ಅದು 34,000 ಡಾಲರಿಗೂ ಹೆಚ್ಚಿತ್ತು. ಅಂದರೆ ಇದ್ದ ಆಸನಗಳು ತುಂಬುತ್ತಿವೆ, ಬೇಡಿಕೆ ಪೂರೈಕೆಗಿಂತ ಹೆಚ್ಚಿದೆ ಎಂದು ಅರ್ಥ.

ಆ ಸೂಚನೆಯ ನಂತರವೇ ಚಿತ್ರಮಂದಿರಗಳ ಸಂಖ್ಯೆಯನ್ನು ಹಂತಹಂತವಾಗಿ ಏರಿಸಲಾಯಿತು. ಬಾಯಿಂದ ಬಾಯಿಗೆ ಹರಡಿದ ಪ್ರಶಂಸೆ ಜಾಹೀರಾತಿನ ಕೆಲಸ ಮಾಡಿತು. ಅಮೆರಿಕದಲ್ಲಿ ಅಂತಿಮವಾಗಿ ಆದ ಗಳಿಕೆ ಸುಮಾರು 1 ಕೋಟಿ 39 ಲಕ್ಷ ಡಾಲರ್; ಮೊದಲ ವಾರಾಂತ್ಯದ ಸುಮಾರು 200 ಪಟ್ಟು. ಆ ವರ್ಷ ಅಲ್ಲಿನ ಟಿಕೆಟ್ಟಿನ ಸರಾಸರಿ ಬೆಲೆ 5 ಡಾಲರ್ 81 ಸೆಂಟ್ ಇದ್ದಿತು. ಆ ಲೆಕ್ಕದಲ್ಲಿ ಸುಮಾರು 24 ಲಕ್ಷ ಟಿಕೆಟ್‌ಗಳು ಮಾರಾಟವಾಗಿರಬೇಕು. ಅನಿವಾಸಿ ಭಾರತೀಯರ ಆಚೆಗಿನ ಸಾಮಾನ್ಯ ಅಮೆರಿಕನ್ ಪ್ರೇಕ್ಷಕನನ್ನೂ ತಲಪದೆ ಇಂತಹ ಸಂಖ್ಯೆ ಅಸಾಧ್ಯ. ಜಗತ್ತಿನ ಉಳಿದ ಭಾಗಗಳಿಂದ ಬಂದ ಮೊತ್ತ 1 ಕೋಟಿ 60 ಲಕ್ಷ ಡಾಲರಿಗೂ ಅಧಿಕ. ಅಂದರೆ ಒಟ್ಟು ಗಳಿಕೆಯ ಅರ್ಧಕ್ಕಿಂತ ಹೆಚ್ಚು ಪಾಲು ಅಮೆರಿಕದ ಹೊರಗಿನದು.

ನಿಧಾನ ಬಿಡುಗಡೆಗೆ ಗಟ್ಟಿಯಾದ ಆರ್ಥಿಕ ಕಾರಣವಿತ್ತು. ಫಿಲ್ಮ್ ರೀಲಿನ ಆ ಕಾಲದಲ್ಲಿ ಪ್ರತಿ ಚಿತ್ರಮಂದಿರಕ್ಕೂ ಒಂದು ಪ್ರಿಂಟ್ ಬೇಕಾಗುತ್ತಿತ್ತು. ಒಂದು ಪ್ರಿಂಟಿಗೆ ಸಾವಿರ ಡಾಲರಿಗೂ ಮೀರಿದ ವೆಚ್ಚವಿತ್ತು. ಸಾವಿರ ಕಡೆ ಏಕಕಾಲಕ್ಕೆ ಬಿಡುಗಡೆ ಮಾಡಿದರೆ ಪ್ರಿಂಟಿನ ಖರ್ಚೇ ಚಿತ್ರದ ನಿರ್ಮಾಣ ವೆಚ್ಚವನ್ನು ಸಮೀಪಿಸುತ್ತಿತ್ತು. ಬೇಡಿಕೆ ಕಂಡ ಮೇಲೆ ಪೂರೈಕೆ ಹೆಚ್ಚಿಸುವ ಕ್ರಮದಿಂದ, ಹೊಸ ಖರ್ಚನ್ನು ಆಗಲೇ ಬಂದ ಆದಾಯದಿಂದ ಭರಿಸಲು ಸಾಧ್ಯವಾಗುತ್ತದೆ.

ನೂರು ರೂಪಾಯಿಯ ಹಾದಿ

ಇನ್ನು ಟಿಕೆಟ್ ಹಣ ನಿರ್ಮಾಪಕನನ್ನು ತಲಪುವ ಬಗೆಯನ್ನು ನೋಡಬಹುದು. ಕೆಳಗಿನ ಲೆಕ್ಕವು ಈ ಚಿತ್ರದ ನಿಜವಾದ ಲೆಕ್ಕಪತ್ರವಲ್ಲ. ಉದ್ಯಮದ ಸಾಮಾನ್ಯ ಪದ್ಧತಿಯನ್ನು ಆಧರಿಸಿದ ಉದಾಹರಣೆ ಮಾತ್ರ.

ಪ್ರೇಕ್ಷಕರು 100 ರೂಪಾಯಿ ಕೊಟ್ಟರೆಂದು ಭಾವಿಸೋಣ. ಸುಮಾರು ಅರ್ಧ, ಅಂದರೆ 50 ರೂಪಾಯಿ, ಪ್ರದರ್ಶಕನ ಬಳಿ ಉಳಿಯುತ್ತದೆ. ಉಳಿದ 50 ರೂಪಾಯಿಯಲ್ಲಿ ವಿತರಕನು ಶೇಕಡ 30ರಂತೆ 15 ರೂಪಾಯಿ ಕಮಿಷನ್ ಮುರಿದುಕೊಳ್ಳುತ್ತಾನೆ. ಪ್ರಿಂಟ್ ಮತ್ತು ಪ್ರಚಾರದ ವೆಚ್ಚವೆಂದು 20 ರೂಪಾಯಿ ಕಳೆಯುತ್ತದೆ. ಉಳಿಯುವುದು 15. ಇದರಲ್ಲಿ ಹೊರದೇಶದ ಮಾರಾಟ ಕುದುರಿಸಿದ ಏಜೆಂಟನ ಕಮಿಷನ್ 3 ರೂಪಾಯಿ, ಅವನ ಖರ್ಚು 2 ರೂಪಾಯಿ. ಕೊನೆಗೆ ನಿರ್ಮಾಣದ ಖಾತೆಗೆ ಬರುವುದು 10 ರೂಪಾಯಿ. ಅದರಿಂದ ಮೊದಲು ಹಣ ಹಾಕಿದವರ ಅಸಲು ತೀರಬೇಕು. ಆಮೇಲೆ ಉಳಿದದ್ದು ಲಾಭ.

ಈ ಚಿತ್ರದ ನಿರ್ಮಾಣ ವೆಚ್ಚವು ಒಟ್ಟು ಗಳಿಕೆಯ ಸುಮಾರು ಇಪ್ಪತ್ತನೆಯ ಒಂದು ಭಾಗ; ನೂರಕ್ಕೆ 5 ರೂಪಾಯಿ. ಆದ್ದರಿಂದ ಮೇಲಿನ ಉದಾಹರಣೆಯಂತೆ 10 ರೂಪಾಯಿ ಮಾತ್ರ ಕೈಸೇರಿದರೂ ಅಸಲು ತೀರಿ 5 ರೂಪಾಯಿ ಉಳಿಯುತ್ತದೆ. ಇದೇ ಚಿತ್ರವನ್ನು 45 ಲಕ್ಷ ಡಾಲರ್ ವೆಚ್ಚದಲ್ಲಿ ತಯಾರಿಸಿ, ಇದೇ 3 ಕೋಟಿ ಡಾಲರ್ ಗಳಿಕೆಯಾಗಿದ್ದರೆ ನೂರಕ್ಕೆ 15 ರೂಪಾಯಿ ವೆಚ್ಚ, 10 ರೂಪಾಯಿ ಆದಾಯ. 5 ರೂಪಾಯಿ ನಷ್ಟ. ಪತ್ರಿಕೆಗಳಲ್ಲಿ ಯಶಸ್ವಿ ಚಿತ್ರವೆಂದೇ ವರದಿಯಾಗುತ್ತಿತ್ತು, ಹಣ ಹಾಕಿದವರು ಮಾತ್ರ ಸಾಲಗಾರರಾಗುತ್ತಿದ್ದರು. ಲಾಭ ನಷ್ಟದ ತೀರ್ಮಾನವು ಟಿಕೆಟ್ ಮಾರಾಟಕ್ಕಿಂತ ಬಹಳ ಮೊದಲೇ, ವೆಚ್ಚ ನಿಗದಿಯಾದ ದಿನವೇ ಬಹುಮಟ್ಟಿಗೆ ಆಗಿರುತ್ತದೆ ಎಂಬುದು ಇದರ ತಾತ್ಪರ್ಯ.

ಇನ್ನೊಂದು ಎಚ್ಚರಿಕೆ ಅಗತ್ಯ. ಕಮಿಷನ್ ಗಳಿಕೆಯೊಡನೆ ಏರಿಳಿಯುತ್ತದೆ. ಪ್ರಚಾರ ವೆಚ್ಚ ಹಾಗಲ್ಲ. ಅದು ಮೊದಲೇ ಖರ್ಚಾಗಿರುತ್ತದೆ. ಗಳಿಕೆ 100ರ ಬದಲು 50 ಆದರೆ ವಿತರಕನಿಗೆ ಬರುವುದು 25; ಅದರಲ್ಲಿ ಅವನ ಕಮಿಷನ್ ಏಳೂವರೆ ರೂಪಾಯಿ ಹೋದರೆ, ಉಳಿದ ಹದಿನೇಳೂವರೆ ರೂಪಾಯಿ 20 ರೂಪಾಯಿಯ ಪ್ರಚಾರ ವೆಚ್ಚಕ್ಕೇ ಸಾಲದು. ಗಳಿಕೆ ಅರ್ಧವಾದಾಗ ತಯಾರಕನ ಪಾಲು ಅರ್ಧವಾಗುವುದಿಲ್ಲ, ಶೂನ್ಯವಾಗುತ್ತದೆ.

ಮೂರು ಬಗೆಯ ಮಾರಾಟ

ಗಾಂಧಿನಗರದ ವಹಿವಾಟು ಬಲ್ಲವರಿಗೆ ಚಿತ್ರದ ಹಕ್ಕನ್ನು ಮಾರುವ ಮೂರು ಬಗೆಗಳು ಪರಿಚಿತ. ನಿಗದಿತ ಮೊತ್ತಕ್ಕೆ ಒಂದು ಪ್ರದೇಶದ ಹಕ್ಕನ್ನು ಪೂರ್ತಿಯಾಗಿ ಕೊಡುವುದು ಔಟ್‌ರೈಟ್ ಮಾರಾಟ. ಕನಿಷ್ಠ ಮೊತ್ತವೊಂದನ್ನು ಮೊದಲು ಪಡೆದು, ಅದು ವಿತರಕನಿಗೆ ವಸೂಲಾದ ಮೇಲಿನ ಆದಾಯದಲ್ಲಿ ಪಾಲು ಪಡೆಯುವುದು ಮಿನಿಮಮ್ ಗ್ಯಾರಂಟಿ. ಹೊಣೆಯನ್ನೆಲ್ಲ ನಿರ್ಮಾಪಕನೇ ಹೊತ್ತು ವಿತರಕನಿಗೆ ಕಮಿಷನ್ ಮಾತ್ರ ಕೊಡುವುದು ಮೂರನೆಯ ಬಗೆ. ಅಂತಾರಾಷ್ಟ್ರೀಯ ಮಾರುಕಟ್ಟೆಯ ಒಪ್ಪಂದಗಳೂ ಮೂಲತಃ ಇವೇ.

ಒಂದು ದೇಶದ ಹಕ್ಕಿಗೆ 1 ಲಕ್ಷ ಡಾಲರ್ ಔಟ್‌ರೈಟ್ ಬೆಲೆ ಬಂದಿದೆಯೆನ್ನೋಣ. ಮೇಲಿನ ಲೆಕ್ಕದಂತೆ ನೂರಕ್ಕೆ ಹತ್ತರ ಪಾಲು ದೊರೆಯುವುದಾದರೆ, ಆ ದೇಶದಲ್ಲಿ 10 ಲಕ್ಷ ಡಾಲರ್ ಗಳಿಕೆಯಾದಾಗ ಎರಡೂ ಸಮ. 20 ಲಕ್ಷ ಗಳಿಕೆಯಾದರೆ ಔಟ್‌ರೈಟ್ ಕೊಟ್ಟವನು ಒಂದು ಲಕ್ಷ ಕಳೆದುಕೊಂಡಂತೆ. ಗಳಿಕೆ 5 ಲಕ್ಷಕ್ಕೆ ನಿಂತರೆ ಅವನೇ ಜಾಣ. ಪ್ರಶಸ್ತಿಗೆ ಮುನ್ನ ಮಾರಿದವನಿಗೆ ಕಡಿಮೆ ಬೆಲೆ, ಆದರೆ ಬೇಗ ಹಣ. ಕಾದವನಿಗೆ ಹೆಚ್ಚಿನ ಬೆಲೆಯ ಆಸೆ, ಆದರೆ ಅಷ್ಟು ಕಾಲದ ಬಡ್ಡಿ ಮತ್ತು ಏನೂ ಸಿಗದಿರುವ ಅಪಾಯ. ಇದರಲ್ಲಿ ಎಲ್ಲ ಕಾಲಕ್ಕೂ ಸರಿಯಾದ ಒಂದೇ ಉತ್ತರವಿಲ್ಲ. ಸಾಲದ ಬಡ್ಡಿ ಕಟ್ಟುತ್ತಿರುವವನು ಮತ್ತು ಸ್ವಂತ ಹಣ ಹಾಕಿದವನು ಬೇರೆ ಬೇರೆ ತೀರ್ಮಾನಕ್ಕೆ ಬರುವುದು ಸಹಜ.

ಬದಲಾದ ಕಾಲ

2001ರ ಮಾರುಕಟ್ಟೆ ಇಂದಿಲ್ಲ. ಫಿಲ್ಮ್ ಪ್ರಿಂಟಿನ ಬದಲು ಡಿಜಿಟಲ್ ಪ್ರತಿ ಬಂದಿರುವುದರಿಂದ ಆ ವೆಚ್ಚ ಬಹಳ ಇಳಿದಿದೆ. ಇಂಟರ್‌ನೆಟ್ ಮೂಲಕ ಚಿತ್ರ ತೋರಿಸುವ ಸಂಸ್ಥೆಗಳು ಹಲವು ಬಾರಿ ಇಡೀ ಜಗತ್ತಿನ ಹಕ್ಕನ್ನು ಒಂದೇ ಬೆಲೆಗೆ ಕೊಳ್ಳುತ್ತವೆ. ಅದು ಔಟ್‌ರೈಟ್ ಮಾರಾಟದ ಹೊಸ ರೂಪವೇ. ಆದರೆ ಸರಕಿನ ಆಯುಷ್ಯ ಮೊದಲ ಮಾರಾಟಕ್ಕೆ ಮುಗಿಯುವುದಿಲ್ಲವೆಂಬುದಕ್ಕೆ ಈ ಚಿತ್ರವೇ ಸಾಕ್ಷಿ. 2009ರಲ್ಲಿ ಅಮೆರಿಕದ ಕ್ರೈಟೀರಿಯನ್ ಸಂಸ್ಥೆ ಇದನ್ನು ಡಿಸ್ಕ್ ರೂಪದಲ್ಲಿ ಪುನಃ ಹೊರತಂದಿತು. 2017ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿ ರೆಪರ್ಟರಿ ಥಿಯೇಟರ್‌ನಲ್ಲಿ ಇದು ಸಂಗೀತ ನಾಟಕವಾಗಿ ಬಂದಿತು. 2023ರಲ್ಲಿ ನ್ಯೂಯಾರ್ಕಿನಲ್ಲಿಯೂ ಪ್ರದರ್ಶನ ಕಂಡಿತು. ಯಾವ ಹಕ್ಕನ್ನು ಮಾರಬೇಕು ಎಂಬುದರಷ್ಟೇ ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದೂ ಮುಖ್ಯ. ವಿನ್ಯಾಸ, ಅಚ್ಚು, ವ್ಯಾಪಾರ ಚಿಹ್ನೆ ಮುಂತಾದವನ್ನು ಹೊರದೇಶದ ಖರೀದಿದಾರನಿಗೆ ಒಪ್ಪಿಸುವ ಮುನ್ನ ತಯಾರಕರು ಈ ಮಾತನ್ನು ನೆನೆಯಬೇಕು.

ಒಪ್ಪಂದಕ್ಕೆ ಮುನ್ನ

ಈ ಅಧ್ಯಯನದಿಂದ ಸಣ್ಣ ಉದ್ಯಮಿಗಳು ತಮ್ಮ ವಹಿವಾಟಿಗೆ ಅನ್ವಯಿಸಿಕೊಳ್ಳಬಹುದಾದ ಪ್ರಶ್ನೆಗಳು ಇಂತಿವೆ:

1. ಕೊನೆಯ ಗ್ರಾಹಕನು ಕೊಡುವ ಬೆಲೆಯಲ್ಲಿ ನೂರಕ್ಕೆ ಎಷ್ಟು ಕಾರ್ಖಾನೆಗೆ ಮರಳುತ್ತದೆ? ನಡುವೆ ಯಾರು, ಯಾವ ಕ್ರಮದಲ್ಲಿ, ಎಷ್ಟು ಮುರಿದುಕೊಳ್ಳುತ್ತಾರೆ?

2. ಮಾರಾಟ ಅರ್ಧಕ್ಕೆ ಇಳಿದರೆ ಆ ಪಾಲು ಎಷ್ಟಾಗುತ್ತದೆ?

3. ಏಜೆಂಟನ ಮತ್ತು ವಿತರಕನ ಖರ್ಚಿಗೆ ಒಪ್ಪಂದದಲ್ಲಿ ಗರಿಷ್ಠ ಮಿತಿ ಇದೆಯೇ? ಮಿತಿಯಿಲ್ಲದ ‘ಖರ್ಚು’ ಎಂಬ ಒಂದು ಶಬ್ದ ಇಡೀ ಲಾಭವನ್ನು ನುಂಗಬಲ್ಲದು.

4. ಹಕ್ಕು ಯಾವ ದೇಶಕ್ಕೆ, ಎಷ್ಟು ವರ್ಷಕ್ಕೆ, ಯಾವ ಬಳಕೆಗೆ? ಅವಧಿ ಮುಗಿದ ಮೇಲೆ ಅದು ತಾನಾಗಿ ಮರಳುತ್ತದೆಯೇ?

5. ಲೆಕ್ಕಪಟ್ಟಿ ಎಷ್ಟು ತಿಂಗಳಿಗೊಮ್ಮೆ ಬರಬೇಕು? ಪುಸ್ತಕಗಳನ್ನು ಪರಿಶೀಲಿಸುವ ಅಧಿಕಾರವಿದೆಯೇ?

6. ಸಾಗಣೆಯಲ್ಲಿ ಸರಕು ಹಾಳಾದರೆ ನಷ್ಟ ಯಾರದು? ಖರೀದಿದಾರ ಹಣ ಕೊಡದಿದ್ದರೆ ರಫ್ತು ಸಾಲ ಖಾತರಿಯಂತಹ ರಕ್ಷಣೆ ಪಡೆಯಲಾಗಿದೆಯೇ?

7. ಮೊದಲ ರವಾನೆಯನ್ನು ಎರಡು ಅಂಗಡಿಗಳಲ್ಲಿಟ್ಟು ಬೇಡಿಕೆ ನೋಡುವ ಅವಕಾಶವಿರುವಾಗ ಇನ್ನೂರು ಅಂಗಡಿಗಳಿಗೆ ಸಾಲ ಮಾಡಿ ತುಂಬುವ ಅಗತ್ಯವೇನು?

‘ಮಾನ್ಸೂನ್ ವೆಡ್ಡಿಂಗ್’ ಚಿತ್ರಕ್ಕೆ ಒದಗಿದ ಮನ್ನಣೆ ಎಲ್ಲ ಸರಕಿಗೂ ಒದಗುವುದಿಲ್ಲ. ಅದರಲ್ಲಿ ಕಲಾವಂತಿಕೆಯ ಪಾಲೂ ಇದೆ, ಅದೃಷ್ಟದ ಪಾಲೂ ಇದೆ. ಆದರೆ ವೆಚ್ಚವನ್ನು ಮಿತಿಯಲ್ಲಿಟ್ಟುದು, ನಷ್ಟದ ಭಾರವನ್ನು ಹಂಚಿದ್ದು, ವಿಮೆ ಮಾಡಿಸಿದ್ದು, ಬೇಡಿಕೆ ನೋಡಿ ಮುಂದುವರಿದದ್ದು ಇವು ಅದೃಷ್ಟದ ಮಾತಲ್ಲ. ಇವು ಯಾವ ಊರಿನ ಯಾವ ಉದ್ಯಮಿಯೂ ಮುಂದಿನ ಆದೇಶಕ್ಕೆ ಸಹಿ ಹಾಕುವ ಮುನ್ನ ಕೈಗೊಳ್ಳಬಹುದಾದ ಕ್ರಮಗಳು.